ಅತ್ತೆ ಮತ್ತು ವಿಯೆನ್ನಾದ ಡಬ್ಬಿ

ನಮ್ಮ ಅತ್ತೆ ಹುಟ್ಟಿದಂದಿನಿಂದ ಇಂದಿನವರೆಗೆ ಯಾರ ಡಬ್ಬಿಯನ್ನೂ ಖಾಲಿಯಾಗಿ ಹಿಂತಿರುಗಿಸಿದವರಲ್ಲ. ಇದನ್ನು ಕೇಳಿ ‘ಆಹಾ, ಎಂಥ ಒಳ್ಳೆಯ ಗುಣ!’ ಎಂದು ನೀವು ಮೆಚ್ಚಿಕೊಂಡರೆ, ನೀವು ಹಲಸೂರಿನವರಲ್ಲ ಎಂದು ಅರ್ಥ. ಹಲಸೂರಿನವರು ಇದೇ ಗುಣಕ್ಕೆ ಅವರನ್ನು ಕಂಡರೆ ಗಡಗಡ ನಡುಗುತ್ತಾರೆ!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯ ತಂಟೆಗೆ ಹೋಗಲಿಲ್ಲ. ವಿಮೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನವರ ಆಯುಸ್ಸನ್ನೆಲ್ಲ ಅಳೆದು ಮುಗಿಸಿ, ನಿವೃತ್ತರಾಗಿ, ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಒಬ್ಬರೇ ಇದ್ದಾರೆ. ಅವರ ಡಬ್ಬಿಯ ವ್ಯವಹಾರ ಹೇಗೆಂದರೆ, ನೀವು ಹಬ್ಬದ ದಿನ ಅವರಿಗೊಂದು ಡಬ್ಬಿ ಪಾಯಸ ಕೊಟ್ಟಿರಿ ಅನ್ನಿ. ಮಾರನೇ ದಿನ ನಿಮ್ಮ ಡಬ್ಬಿಯ ತುಂಬ ಗೊಜ್ಜವಲಕ್ಕಿ ಬರುತ್ತದೆ. ಬರಲಿ, ಸಂತೋಷ. ಆದರೆ ಅದರ ಜೊತೆಗೆ, ನೆಂಚಿಕೊಳ್ಳಲಿ ಎಂದು, ಇನ್ನೊಂದು ಪುಟ್ಟ ಡಬ್ಬಿಯಲ್ಲಿ ಮೊಸರೂ ಬಂದಿರುತ್ತದೆ. ಈ ಪುಟ್ಟ ಡಬ್ಬಿ ಅವರದ್ದು. ಈಗ ಅದು ನಿಮ್ಮ ಮನೆಯಲ್ಲಿದೆ. ಖಾಲಿಯಾಗಿ ಕೊಡುವುದಕ್ಕೆ ನಿಮಗೆ ಮುಖ ಇದೆಯೇ? ಇಲ್ಲ. ಏನೋ ಹಾಕಿ ಕೊಟ್ಟಿರಿ. ಮುಗಿಯಿತು ನಿಮ್ಮ ಕಥೆ!

ಹೀಗೆ ಸಿಕ್ಕಿಕೊಂಡ ಎದುರುಮನೆಯವರೊಬ್ಬರು ಕೊನೆಗೆ ಕೆ.ಆರ್. ಪುರಕ್ಕೇ ಮನೆ ಬದಲಾಯಿಸಿದರು. “ನೀರಿನ ತೊಂದ್ರೆ ರೀ, ಅದಕ್ಕೇ ಹೋಗ್ಬಿಟ್ವಿ” ಎಂದು ಎಲ್ಲರಿಗೂ ಹೇಳಿದರು. ನೀರಿನ ತೊಂದರೆಯೋ, ಗೊಜ್ಜವಲಕ್ಕಿಯ ತೊಂದರೆಯೋ, ದೇವರಿಗೇ ಗೊತ್ತು. ಮುಂದಿನ ವಾರವೇ ಅತ್ತೆ ಮೆಟ್ರೋ ಹತ್ತಿ, ಅವರದೊಂದು ಡಬ್ಬಿ ತಮ್ಮಲ್ಲಿ ಉಳಿದಿತ್ತೆಂದು, ಅದರಲ್ಲಿ ಕೊಬ್ಬರಿ ಮಿಠಾಯಿ ತುಂಬಿಕೊಂಡು ಕೆ.ಆರ್. ಪುರಕ್ಕೆ ಹೋದರು. ಆ ಮನೆಯ ಯಜಮಾನರು ಬಾಗಿಲು ತೆರೆದು, ಅತ್ತೆಯನ್ನೂ ಡಬ್ಬಿಯನ್ನೂ ನೋಡಿ, “ಇಲ್ಲಿಗೂ ಬಂದ್ಬಿಟ್ರಾ!” ಎಂದರಂತೆ. ಅತ್ತೆ ಅದನ್ನು ಸ್ವಾಗತ ಎಂದೇ ತಿಳಿದುಕೊಂಡರು.

ಅವರಿಗೆ ಸರಿಸಾಟಿಯಾಗಿ ನಿಂತವರು ಪಕ್ಕದ ಗೋಡೆಯ ಟೈಲರ್ ಸಾಹೇಬರ ಹೆಂಡತಿ ಒಬ್ಬರೇ. ರಂಜಾನಿಗೆ ಅಲ್ಲಿಂದ ಶೀರ್ ಖುರ್ಮಾ, ಗೌರಿ ಹಬ್ಬಕ್ಕೆ ಇಲ್ಲಿಂದ ಒಬ್ಬಟ್ಟು, ನಡುವಿನ ದಿನಗಳಲ್ಲಿ ಹಬ್ಬವೇ ಇಲ್ಲದ ಹಬ್ಬ. ಒಂದು ಸಲ ಅವರೂ ಸುಸ್ತಾಗಿ, “ಅಮ್ಮಾ, ಡಬ್ಬಾ ಖಾಲೀಚ್ ದೇವೋ ನಾ!” ಎಂದು ಕೈಮುಗಿದರು. ಖಾಲಿಯಾಗಿಯೇ ಕೊಡಬೇಕಂತೆ! ಅತ್ತೆಯ ಮುಖ ಸಣ್ಣದಾಯಿತು.

“ಖಾಲಿ ಕೊಡೋಕೆ ನಾವೇನು ಜಗಳ ಆಡಿದೀವಾ?” ಎಂದು ನನ್ನನ್ನು ಕೇಳಿದರು. ಅವರ ಪ್ರಕಾರ ಖಾಲಿ ಡಬ್ಬಿ ಎಂದರೆ, ‘ಇಲ್ಲಿಗೆ ಸಾಕು, ಇನ್ನು ನಿನಗೂ ನನಗೂ ಏನಿಲ್ಲ’ ಎಂದು ಹೇಳಿಕಳಿಸಿದ ಹಾಗೆ.

ಇಂಥ ಅತ್ತೆಯ ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಕೆಲವು ವರ್ಷಗಳಿಂದ, ಅವರದಲ್ಲದ ಒಂದು ಡಬ್ಬಿ ಕೂತಿತ್ತು. ನೀಲಿ ಬಣ್ಣದ, ದುಂಡನೆಯ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಒಂದು ಕೆರೆ, ಎರಡು ಹಂಸ. ಅದನ್ನು ಅವರು ಹಿಂತಿರುಗಿಸಲಿಲ್ಲ. ಅದರ ಕಥೆ ಹೇಳಬೇಕೆಂದೇ ಇಷ್ಟೆಲ್ಲ ಪೀಠಿಕೆ ಹಾಕಿದೆ.

ನಾನು ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಜನರ ಮಂಡಿ, ಸೊಂಟ, ಭುಜಗಳನ್ನು ತಿರುಗಿಸುವುದು ನನ್ನ ಕೆಲಸ. ಆಸ್ಪತ್ರೆಯವರು ನನ್ನನ್ನು ಆರು ವಾರದ ತರಬೇತಿಗೆಂದು ವಿಯೆನ್ನಾಕ್ಕೆ ಕಳಿಸಿದರು. ಸುದ್ದಿ ಕೇಳಿದ ಸಂಜೆಯೇ ಅತ್ತೆ ಲಿಂಗರಾಜಪುರದ ನಮ್ಮ ಮನೆಗೆ ಆಟೋದಲ್ಲಿ ಬಂದಿಳಿದರು.

“ಒಬ್ಳೇ ಹೋಗ್ತೀಯಾ? ಆ ಚಳೀಲಿ ನಿಂಗೆ ಮೆಣಸಿನ ಸಾರು ಯಾರು ಮಾಡಿ ಹಾಕ್ತಾರೆ?”

“ನಾನೇ ಮಾಡ್ಕೋತೀನಿ ಅತ್ತೆ.”

“ನಿನ್ನ ಸಾರು ಕುಡ್ದಿದೀನಿ ಕಣೇ. ಅದಕ್ಕೇ ಹೇಳ್ತಿರೋದು.”

ನನ್ನ ಗಂಡ, ಮಗಳು ಇಬ್ಬರೂ ಒಂದೇ ಉಸಿರಿಗೆ “ಕರ್ಕೊಂಡ್ಹೋಗು, ಕರ್ಕೊಂಡ್ಹೋಗು” ಎಂದರು. ಅದು ನನ್ನ ಮೇಲಿನ ಪ್ರೀತಿಯೋ, ಆರು ವಾರ ಲಿಂಗರಾಜಪುರಕ್ಕೆ ಡಬ್ಬಿಗಳು ಬರುವುದಿಲ್ಲ ಎಂಬ ಸಮಾಧಾನವೋ, ನಾನು ಕೆದಕಲು ಹೋಗಲಿಲ್ಲ.

ವಿಮಾನ ನಿಲ್ದಾಣದಲ್ಲೇ ಮೊದಲ ರಾದ್ಧಾಂತ. ಅತ್ತೆಯ ಕೈಚೀಲ ತಪಾಸಣೆಯ ಯಂತ್ರದೊಳಗೆ ಹೋಗಿ ನಿಂತುಬಿಟ್ಟಿತು. ಒಳಗೆ ಹಿತ್ತಾಳೆಯದೊಂದು ಗಟ್ಟಿ ಕೊಳವೆ, ಅದಕ್ಕೆ ಎರಡು ಹಿಡಿ, ಜೊತೆಗೆ ತೂತು ತೂತಿನ ಬಿಲ್ಲೆಗಳು. ತಪಾಸಣೆಯ ಹುಡುಗಿ ಗಾಬರಿಯಿಂದ, “ಯೇ ಕ್ಯಾ ಹೈ ಆಂಟಿ?” ಎಂದಳು. ಅತ್ತೆ ಗಾಳಿಯಲ್ಲೇ ಕೈ ತಿರುಗಿಸಿ ತೋರಿಸಿದರು. ಹುಡುಗಿಗೆ ಇನ್ನಷ್ಟು ಗಾಬರಿ! ದೊಡ್ಡ ಅಧಿಕಾರಿಯನ್ನು ಕರೆದಳು. ಪುಣ್ಯಕ್ಕೆ ಆತ ಕನ್ನಡದವರು.

“ಅಮ್ಮಾ, ಚಕ್ಲಿ ಒರಳನ್ನ ಯಾರಾದ್ರೂ ಕೈಯಲ್ಲಿ ತರ್ತಾರಾ? ಲಗೇಜಲ್ಲಿ ಹಾಕ್ಬೇಕಿತ್ತು.”

“ಲಗೇಜನ್ನ ನಿಮ್ಮೋರು ಎಸೀತಾರಪ್ಪ. ಇದು ನಮ್ಮಮ್ಮಂದು.”

ಆತ ಒರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸುತ್ತ ಯಾರಿಗೂ ಕೇಳಿಸದಂತೆ, “ಮುಳ್ಳು ಚಕ್ಲಿನಾ, ನೈಸಾ?” ಎಂದು ವಿಚಾರಿಸಿ, ಬಿಟ್ಟುಬಿಟ್ಟರು.

ವಿಯೆನ್ನಾದಲ್ಲಿ ನಮಗೆ ಸಿಕ್ಕಿದ್ದು ಹಳೆಯ ಕಟ್ಟಡವೊಂದರ ಒಂದನೇ ಮಹಡಿಯ ಪುಟ್ಟ ಮನೆ. ಚಳಿಗಾಲ. ಅತ್ತೆ ಸೀರೆಯ ಕೆಳಗೆ ಉಣ್ಣೆಯ ಕಾಲುಚೀಲ, ಮೇಲೆ ಅಪ್ಪನ ಹಳೆಯ ಕೋಟು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು, “ಇಷ್ಟೇನಾ ಚಳಿ!” ಎಂದು ಹಲ್ಲು ಕಟಕಟಿಸಿದರು.

ಅಲ್ಲಿಯ ಟ್ರಾಮಿನಲ್ಲಿ ಟಿಕೆಟನ್ನು ಯಾರೂ ಕೇಳುವುದಿಲ್ಲ. ನೀವೇ ಕೊಳ್ಳಬೇಕು, ನೀವೇ ಹತ್ತಬೇಕು, ನೀವೇ ಇಳಿಯಬೇಕು. ಅತ್ತೆಗೆ ಇದು ಸಹಿಸಲಾಗದ ಅವಮಾನ. ತಿಂಗಳ ಪಾಸು ಮಾಡಿಸಿದ್ದೇವೆ, ನೋಡುವವರೇ ಇಲ್ಲವೆಂದರೆ ಹೇಗೆ? ಚಾಲಕನಿಗೆ ತೋರಿಸೋಣವೆಂದರೆ ಆತ ಗಾಜಿನ ಗೂಡಿನೊಳಗೆ ಕೂತಿದ್ದಾನೆ. ಕೊನೆಗೆ ಅಕ್ಕಪಕ್ಕ ಕುಳಿತವರಿಗೇ ತೋರಿಸಲು ಶುರುಮಾಡಿದರು! ಪಾಪ, ಅಲ್ಲಿಯ ಜನ ಇವರನ್ನು ಮಫ್ತಿಯಲ್ಲಿರುವ ತಪಾಸಣೆಯವರು ಎಂದುಕೊಂಡು, ತಮ್ಮ ತಮ್ಮ ಟಿಕೆಟುಗಳನ್ನು ತೆಗೆದು ತೋರಿಸುತ್ತಿದ್ದರು. ಅತ್ತೆ ಒಂದೊಂದನ್ನೂ ನೋಡಿ, “ಸರಿಯಾಗಿದೆ” ಎಂದು ತಲೆಯಾಡಿಸುತ್ತಿದ್ದರು.

ಭಾಷೆ? ಅದೊಂದು ತೊಂದರೆ ಎಂದು ಅತ್ತೆಗೆ ಹೊಳೆಯಲೇ ಇಲ್ಲ. ಕಂಟೋನ್ಮೆಂಟಿನ ಕಡೆ ಬೆಳೆದವರಿಗೆ ಒಂದು ಚಾಳಿ ಇರುತ್ತದೆ. ಎದುರಿಗಿರುವವರ ಭಾಷೆ ಯಾವುದೆಂದು ಗೊತ್ತಾಗದಿದ್ದರೆ ಬಾಯಿ ತಾನಾಗಿ ತಮಿಳಿಗೆ ತಿರುಗುತ್ತದೆ. ಅಲ್ಲಿ ಕೆಲಸ ಆಗದಿದ್ದರೆ ದಖ್ಖನಿ, ಕೊನೆಗೆ ಇಂಗ್ಲಿಷು. ಅದೇ ಕ್ರಮದಲ್ಲಿ ಅತ್ತೆ ವಿಯೆನ್ನಾದ ತರಕಾರಿ ಅಂಗಡಿಯಲ್ಲಿ ತಮಿಳಿನಲ್ಲಿ ಚೌಕಾಶಿ ಮಾಡಿದರು. ಅಂಗಡಿಯಾಕೆ ಜರ್ಮನ್‌ನಲ್ಲಿ ಉತ್ತರಿಸಿದಳು. ಇಬ್ಬರೂ ಹತ್ತು ನಿಮಿಷ ವಾದ ಮಾಡಿ, ಕೊನೆಗೆ ಅತ್ತೆ ಒಂದು ಕಟ್ಟು ಸೊಪ್ಪನ್ನು ಪುಕ್ಕಟೆ ತಂದರು. ಇಂಗ್ಲಿಷಿನಲ್ಲಿ ಕೇಳಿದ ನನಗೆ ಚೀಲ ಕೂಡ ಪುಕ್ಕಟೆ ಸಿಕ್ಕಿರಲಿಲ್ಲ!

ಮೊದಲ ಭಾನುವಾರ ಅತ್ತೆ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿಕೊಂಡು, ಬ್ಯಾಡಗಿ ಮೆಣಸಿನಕಾಯಿ ಹಾಕಿ ಪುಳಿಯೋಗರೆಗೆ ಒಗ್ಗರಣೆ ಕೊಟ್ಟರು. ಘಾಟು ಬಾಗಿಲ ಸಂದಿಯಿಂದ ನುಸುಳಿ ಮೆಟ್ಟಿಲಿಳಿಯಿತು. ಕಟ್ಟಡಕ್ಕೆ ಕಟ್ಟಡವೇ ಕೆಮ್ಮತೊಡಗಿತು. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲು ದಬದಬ ಬಡಿದುಕೊಂಡಿತು. ತೆರೆದರೆ ಕೆಳಗಿನ ಮನೆಯ ಹೆಂಗಸು. ಅತ್ತೆಯದೇ ವಯಸ್ಸು, ಬೆಳ್ಳಗಿನ ಗುಂಗುರು ಕೂದಲು, ಮೂಗಿಗೆ ಕರವಸ್ತ್ರ. ಕಣ್ಣಲ್ಲಿ ನೀರು ಸುರಿಸಿಕೊಂಡು ಜರ್ಮನ್‌ನಲ್ಲಿ ಬೈಯುತ್ತಿದ್ದರು. ಬೈಗುಳಕ್ಕೆ ಅನುವಾದ ಬೇಕೇ? ನಾನು ‘ಸಾರಿ, ಸಾರಿ’ ಎಂದು ಒದ್ದಾಡುತ್ತಿರುವಾಗ ಅತ್ತೆ ಒಳಗಿನಿಂದ ಬಂದರು. ಆಕೆಯ ಒದ್ದೆ ಕಣ್ಣನ್ನು ನೋಡಿದ್ದೇ ತಡ, “ಅಯ್ಯೋ ಪಾಪ, ಏನ್ ಕಷ್ಟವೋ ಏನೋ” ಎಂದು ಕನಿಕರಿಸಿ, “ಸಾಪ್ಟೀಂಗಳಾ?” ಎಂದು ತಮಿಳಿನಲ್ಲಿ ಊಟ ಆಯಿತೇ ಎಂದು ವಿಚಾರಿಸಿ, ಬಿಸಿ ಪುಳಿಯೋಗರೆಯನ್ನು ಸ್ಟೀಲ್ ಡಬ್ಬಿಗೆ ತುಂಬಿ ಆಕೆಯ ಕೈಗಿಟ್ಟರು. ಆಕೆಯ ಬೈಗುಳ ಅರ್ಧದಲ್ಲೇ ನಿಂತಿತು. ಕೈಯಲ್ಲಿ ಊಟ ಹಿಡಿದುಕೊಂಡು ಬೈಯುವುದು ಯಾವ ಭಾಷೆಯಲ್ಲೂ ಕಷ್ಟ.

ಮಾರನೇ ಬೆಳಿಗ್ಗೆ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಅತ್ತೆಯ ಡಬ್ಬಿ. ಲಕಲಕ ತೊಳೆದು, ಒರೆಸಿ, ಖಾಲಿ!

ಅತ್ತೆ ಕುಸಿದು ಕೂತರು. ಆ ದಿನ ಕಾಫಿಯನ್ನೂ ಕುಡಿಯಲಿಲ್ಲ.

“ಇನ್ನೂ ಕೋಪ ಇದೆ ಕಣೇ ಅವಳಿಗೆ.”

“ಇಲ್ಲ ಅತ್ತೆ, ಇಲ್ಲಿ ಹಾಗೇ ಕೊಡೋದು. ತೊಳ್ದು ಕೊಟ್ಟಿದಾರಲ್ಲ, ಅದೇ ಮರ್ಯಾದೆ.”

“ತೊಳೆಯೋಕೆ ನಂಗೂ ಬರುತ್ತೆ!”

ಸಂಜೆ ಅದೇ ಡಬ್ಬಿಗೆ ಕೇಸರಿಭಾತು ತುಂಬಿ, ನನ್ನನ್ನು ಎಳೆದುಕೊಂಡು ಕೆಳಗೆ ಹೋದರು. “ಹೇಳು ಅವಳಿಗೆ, ಖಾಲಿ ಕೊಡ್ಬಾರ್ದು ಅಂತ ಹೇಳು” ಎಂದು ನನ್ನ ಬೆನ್ನಿಗೆ ತಿವಿದರು. ಜಗತ್ತಿನಲ್ಲಿ ಇಂಥ ಸಂದೇಶವನ್ನು ಯಾರಾದರೂ ಹೊತ್ತೊಯ್ದಿದ್ದಾರೆಯೇ? ‘ನಾವು ಕೊಟ್ಟಿದ್ದಕ್ಕೆ ನೀವು ವಾಪಸು ಏನೂ ಕೊಡಲಿಲ್ಲ, ಕೊಡಿ’ ಎಂದು ಹೇಗೆ ಕೇಳುವುದು? ಫೋನಿನ ಅನುವಾದದಲ್ಲಿ ನಾಚಿಕೆಯಿಂದ ಸಾಯುತ್ತ ಟೈಪ್ ಮಾಡಿದೆ. ‘ನಮ್ಮ ಕಡೆ ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದಿಲ್ಲ. ಖಾಲಿ ಕೊಟ್ಟರೆ ಸಂಬಂಧ ಮುಗಿಯಿತು ಎಂದು ಅರ್ಥ. ನಮ್ಮ ಅತ್ತೆಗೆ ಬೇಜಾರಾಗಿದೆ.’

ಆಕೆ ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಅತ್ತೆಯ ಮುಖ ನೋಡಿದರು. ಒಳಗೆ ಹೋಗಿ ಕೈಗೆ ಸಿಕ್ಕ ಸೇಬುಹಣ್ಣುಗಳನ್ನು ಮಡಿಲಿನಲ್ಲಿ ತುಂಬಿಕೊಂಡು ಬಂದು ಅತ್ತೆಯ ಮುಂದೆ ಹಿಡಿದರು. ಅತ್ತೆಯ ಮುಖ ಅರಳಿತು ನೋಡಿ! ಆಮೇಲೆ ಆಕೆ ನನ್ನ ಫೋನು ಇಸಿದುಕೊಂಡು ನಿಧಾನವಾಗಿ ಟೈಪ್ ಮಾಡಿದರು. ಕನ್ನಡದಲ್ಲಿ ಬಂದದ್ದು ಇಷ್ಟು. ‘ಹಾಗಾದರೆ ಇದು ಮುಗಿಯುವುದು ಯಾವಾಗ?’

“ಮುಗೀಬಾರ್ದು ಅಂತಾನೇ ಅಲ್ವೇನೇ ಇರೋದು!” ಎಂದರು ಅತ್ತೆ. ಅದನ್ನೂ ಅನುವಾದ ಮಾಡಿ ತೋರಿಸಿದೆ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ನಾನು ತರಬೇತಿಗೆ ಹೋಗುವಾಗ ಡಬ್ಬಿ ಕೆಳಗಿಳಿಯುತ್ತಿತ್ತು, ಸಂಜೆ ಬರುವಾಗ ಡಬ್ಬಿ ಮೇಲೇರುತ್ತಿತ್ತು. ಉಪ್ಪಿಟ್ಟು ಹೋದರೆ ಆಲೂಗೆಡ್ಡೆ ಸಾಲಡ್ ಬಂತು. ಸಾರು ಹೋದರೆ ಸೂಪು ಬಂತು. ಒಂದು ದಿನ ಬಾದಾಮಿಯ ಬಿಸ್ಕತ್ತು ಬಂತು, ಚಂದ್ರನ ಆಕಾರದ್ದು. ಅತ್ತೆ ಮೂಸಿ ನೋಡಿ, ಮುಟ್ಟದೆ, ಸೀದಾ ಕೆಳಗಿಳಿದು ಹೋದರು. ಹಿಂದೆಯೇ ನಾನೂ ಓಡಿದೆ. ಬಾಗಿಲಲ್ಲಿ ನಿಂತು ಅತ್ತೆ ಎರಡೂ ಮೊಣಕೈಗಳನ್ನು ರೆಕ್ಕೆಯಂತೆ ಬಡಿದು, “ಕೊಕ್ಕೊಕ್ಕೋ?” ಎಂದು ಪ್ರಶ್ನಾರ್ಥಕವಾಗಿ ಕೇಳಿದರು. ಆಕೆ ಒಂದು ಕ್ಷಣ ಕಕ್ಕಾಬಿಕ್ಕಿಯಾದರು. ಮರುಕ್ಷಣ ಅರ್ಥವಾಯಿತು. ಇಲ್ಲವೆಂದು ತಲೆಯಾಡಿಸಿ, ಕೊಂಬು ಹಿಡಿದು ತೋರಿಸಿ, “ಮೂ!” ಎಂದರು. ಮೊಟ್ಟೆಯಿಲ್ಲ, ಬರೀ ಬೆಣ್ಣೆ! ಅಷ್ಟು ವಯಸ್ಸಾದ ಇಬ್ಬರು ಹೆಂಗಸರು ಮೆಟ್ಟಿಲಲ್ಲಿ ಕೋಳಿಯಾಗಿ, ಹಸುವಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಆ ಮನೆಯಿಂದ ಮೊಟ್ಟೆ ಹಾಕಿದ ಒಂದು ತುಣುಕೂ ಬರಲಿಲ್ಲ.

ಇಷ್ಟರಲ್ಲಿ ವಿಯೆನ್ನಾ ನೋಡುವುದು? ಎಲ್ಲಿಂದ ಬರಬೇಕು! “ಅತ್ತೆ, ಅರಮನೆಗೆ ಹೋಗೋಣ” ಎಂದರೆ, “ಇವತ್ತಾಗಲ್ಲ ಕಣೇ, ಹಿಟ್ಟು ಕಲಸಿಟ್ಟಿದೀನಿ” ಎನ್ನುತ್ತಿದ್ದರು. ಕೊನೆಗೊಂದು ದಿನ ಬಲವಂತದಿಂದ ಕರೆದುಕೊಂಡು ಹೋದೆ. ಚಿನ್ನದ ಕೋಣೆ, ಕನ್ನಡಿಯ ಕೋಣೆ, ಮಲಗುವ ಕೋಣೆ, ಎದ್ದು ಕೂರುವ ಕೋಣೆ, ಎಲ್ಲ ಸುತ್ತಿ ಹೊರಬಂದ ಮೇಲೆ ಅತ್ತೆ ಅಸಮಾಧಾನದಿಂದ, “ಅಡುಗೆಮನೆ ತೋರ್ಸೇ ಇಲ್ವಲ್ಲ” ಎಂದರು. ಟಿಕೆಟಿನ ದುಡ್ಡು ದಂಡ!

ಸಂಜೆ ಬಂದರೆ ನಮ್ಮ ಮನೆಗೆ ಬೀಗ. ಕೆಳಗೆ ಹೋದರೆ ಇಬ್ಬರೂ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಆಕೆ ಜರ್ಮನ್‌ನಲ್ಲಿ ಏನೋ ಹೇಳುತ್ತಿದ್ದರು, ಅತ್ತೆ ಕನ್ನಡದಲ್ಲಿ ‘ಹೌದಾ, ಆಮೇಲೆ?’ ಎನ್ನುತ್ತಿದ್ದರು. ತಮಿಳು ಯಾವಾಗಲೋ ಬಿಟ್ಟುಹೋಗಿತ್ತು. ತಮ್ಮವರು ಎಂದಾದ ಮೇಲೆ ಅತ್ತೆಗೆ ಕನ್ನಡವೇ ಬರುವುದು.

“ಪೋಸ್ಟಾಫೀಸ್ ಕೌಂಟರಲ್ಲಿದ್ಲಂತೆ ಕಣೇ. ನಾನು ಮೊದಲ್ನೇ ದಿನಾನೇ ಅನ್ಕೊಂಡೆ, ಕೌಂಟರಲ್ಲಿ ಕೂತೋಳ ಮುಖ ಅದು ಅಂತ. ಇವಳಿಗೂ ಮದ್ವೆ ಇಲ್ಲ.”

“ಇದೆಲ್ಲ ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?”

“ಅವಳೇ ಹೇಳಿದ್ಲು” ಎಂದರು, ನನಗೇ ಬುದ್ಧಿಯಿಲ್ಲ ಎಂಬಂತೆ.

ನನ್ನ ಅತ್ತೆ ಒಬ್ಬರ ಮನೆಯಲ್ಲಿ ಕಾಲು ಚಾಚಿ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹಲಸೂರಿನಲ್ಲಿ ಅವರು ಎಲ್ಲರ ಮನೆಗೂ ಹೋಗುತ್ತಾರೆ, ಬಾಗಿಲಲ್ಲೇ ಡಬ್ಬಿ ಕೊಟ್ಟು ಬರುತ್ತಾರೆ. ‘ಕೂತ್ಕೊಳಿ’ ಎಂದು ಅಷ್ಟಾಗಿ ಯಾರೂ ಹೇಳುವುದಿಲ್ಲ. ಮುಂದಿನ ಡಬ್ಬಿಯ ಭಯ ಅವರಿಗೆ! ಇಲ್ಲಿ ಒಬ್ಬಾಕೆ ಕುರ್ಚಿಯ ಮೇಲೆ ದಿಂಬು ಹಾಕಿ ಕಾಯುತ್ತಿದ್ದರು. ಇದು ನನಗೆ ಆಗ ಹೊಳೆಯಲಿಲ್ಲ. ಈಗ ಹೊಳೆದು ಏನು ಪ್ರಯೋಜನ?

ಆರು ವಾರ ಹೇಗೆ ಓಡಿಹೋಯಿತೋ! ಕೊನೆಯ ವಾರ ಆಕೆ ನಮ್ಮ ಸ್ಟೀಲ್ ಡಬ್ಬಿಯನ್ನು ಹಿಂತಿರುಗಿಸಿದರು, ಜೊತೆಗೆ ತಮ್ಮದೇ ಆ ನೀಲಿ ಡಬ್ಬಿಯನ್ನೂ ಬಿಸ್ಕತ್ತು ತುಂಬಿ ಕೊಟ್ಟರು. ಅತ್ತೆಯ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದರು ನೋಡಿ, ಎರಡನೇ ಡಬ್ಬಿಯ ವಿದ್ಯೆಯನ್ನೂ ಸೇರಿಸಿ! ಹೊರಡುವ ಹಿಂದಿನ ದಿನ ಅತ್ತೆ ತಮ್ಮ ಅಮ್ಮನ ಒರಳನ್ನು ಹೊರತೆಗೆದು ಮುಳ್ಳು ಚಕ್ಕುಲಿ ಮಾಡಿ ಆ ಡಬ್ಬಿಗೆ ಜೋಡಿಸಿದರು. ಒಂದೂ ಮುರಿಯದಂತೆ, ಪದರಕ್ಕೊಂದು ಕಾಗದವಿಟ್ಟು.

ಮಾರನೇ ದಿನ ಮಧ್ಯಾಹ್ನ ಟ್ಯಾಕ್ಸಿ. ಅತ್ತೆ ಡಬ್ಬಿ ಹಿಡಿದು ಕೆಳಗಿನ ಬಾಗಿಲಿಗೆ ಹೋಗಿ ಗಂಟೆ ಒತ್ತಿದರು. ಉತ್ತರವಿಲ್ಲ. ಮತ್ತೆ ಒತ್ತಿದರು. ಇಲ್ಲ. ನಾನು ಬಾಗಿಲು ತಟ್ಟಿದೆ. ಇಲ್ಲ.

“ಎಲ್ಲೋ ಹೊರಗೆ ಹೋಗಿರ್ಬೇಕು ಅತ್ತೆ. ಬಾಗಿಲ ಹತ್ರ ಇಟ್ಟು ಹೋಗೋಣ.”

“ಬಾಗಿಲಲ್ಲಿ ಇಟ್ಟು ಹೋಗೋದು ಪೋಸ್ಟ್‌ಮ್ಯಾನ್ ಕೆಲ್ಸ. ಕೈಗೆ ಕೊಡ್ಬೇಕು.”

ಅತ್ತೆ ಎದುರಿನ ಮೆಟ್ಟಿಲ ಮೇಲೆ ಕೂತರು. ಮಡಿಲಲ್ಲಿ ಡಬ್ಬಿ. ತಲೆ ತಗ್ಗಿಸಿಕೊಂಡು ನೆಲವನ್ನೇ ನೋಡುತ್ತಿದ್ದರು. ಮಂಡಿ ನೋವೇನೋ ಎಂದುಕೊಂಡೆ. ಟ್ಯಾಕ್ಸಿಯವನು ಹಾರ್ನ್ ಮಾಡಿದ, ನಾನು ಗದರಿದೆ, ಅವರು ಮೆಲ್ಲಗೆ ಎದ್ದರು. ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡುಬಿಟ್ಟರು!

“ಅತ್ತೆ, ಅದನ್ನ ಎಲ್ಲಿಗೆ ತರ್ತಿದೀರಾ?”

“ಹಲಸೂರಿಗೆ. ಮುಂದಿನ ಸಲ ಬರುವಾಗ ತಂದ್ಕೊಟ್ರಾಯ್ತು” ಎಂದರು. ಮುಂದಿನ ಸಲ! ವಿಯೆನ್ನಾ ಏನು ಬೆನ್ಸನ್ ಟೌನಿನ ಪಕ್ಕದಲ್ಲಿದೆಯೇ?

ಬೆಂಗಳೂರಿಗೆ ಬಂದ ಮೇಲೆ ಆ ಡಬ್ಬಿಗಾಗಿ ಅತ್ತೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಯಾವ ಗಳಿಗೆಯಲ್ಲಾದರೂ ಯಾರಾದರೂ ವಿಯೆನ್ನಾಕ್ಕೆ ಹೊರಡಬಹುದು, ಆಗ ಡಬ್ಬಿ ಖಾಲಿಯಿದ್ದರೆ? ಆದ್ದರಿಂದ ಅದು ಯಾವತ್ತೂ ಭರ್ತಿ! ಒಳಗಿನದು ಹಳತಾಗುವ ಮುಂಚೆ ತೆಗೆದು ನಮಗೆ ಹಂಚಿ, ಹೊಸದನ್ನು ತುಂಬುತ್ತಿದ್ದರು. ವಿಯೆನ್ನಾಕ್ಕೆ ಹೋಗಬೇಕಿದ್ದ ಚಕ್ಕುಲಿಯನ್ನು ತಿಂದು ತಿಂದು ಲಿಂಗರಾಜಪುರದಲ್ಲಿ ನಮ್ಮ ದವಡೆ ಗಟ್ಟಿಯಾಯಿತು.

ಇಂದಿರಾನಗರದಲ್ಲಿ ಯಾರೋ ಲಂಡನ್ನಿಗೆ ಹೋಗುತ್ತಾರೆ ಎಂದು ಕೇಳಿ ಅವರ ಮನೆಗೆ ಹೋದರು. “ಅಲ್ಲಿಂದ ವಿಯೆನ್ನಾ ಇಲ್ಲೇ ಅಲ್ವಾ? ಒಂದ್ಹೆಜ್ಜೆ ಹೋಗಿ ಕೊಟ್ಬನ್ನಿ” ಎಂದರು. ಅವರು ಪ್ರಯಾಣದ ತಾರೀಖನ್ನೇ ಗುಟ್ಟಾಗಿಟ್ಟರು. ನಾನೇ ಸಾಕಾಗಿ, ಶಿವಾಜಿನಗರದ ಒಂದು ಕೊರಿಯರ್ ಅಂಗಡಿಗೆ ಕರೆದುಕೊಂಡು ಹೋದೆ. ಕೈಗೆ ಕೊಡುವ ಹಟವನ್ನು ಬಿಟ್ಟು ಅಷ್ಟರಮಟ್ಟಿಗೆ ಅತ್ತೆ ಇಳಿದು ಬಂದಿದ್ದೇ ದೊಡ್ಡದು. ಅಂಗಡಿಯಾತ ಮುಚ್ಚಳ ತೆಗೆದು, “ಮನೇಲಿ ಮಾಡಿದ ತಿಂಡಿ ಆ ದೇಶಕ್ಕೆ ಕಳ್ಸೋಕಾಗಲ್ಲಮ್ಮಾ” ಎಂದ.

“ಮತ್ತೆ?”

“ಖಾಲಿ ಡಬ್ಬಿ ಆದ್ರೆ ಕಳಿಸ್ಬೋದು.”

ಅತ್ತೆ ಆತನನ್ನು ಒಮ್ಮೆ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಬೂದಿಯಾಗುತ್ತಿದ್ದರು. ಆತ ಶಿವಾಜಿನಗರದವನಾದ್ದರಿಂದ ಬದುಕಿಕೊಂಡ.

‘ಮುಂದಿನ ವರ್ಷ ನಾವೇ ಹೋಗೋಣ ಅತ್ತೆ’ ಎಂದು ನಾನು ಹೇಳುತ್ತಲೇ ಬಂದೆ. ಮುಂದಿನ ವರ್ಷ ಮಗಳ ಪರೀಕ್ಷೆ, ಅದರ ಮುಂದಿನ ವರ್ಷ ನನಗೆ ರಜೆಯಿಲ್ಲ, ಆಮೇಲೆ ಅತ್ತೆಯ ಮಂಡಿಗಳು ಕೈಕೊಟ್ಟವು. ಊರವರ ಮಂಡಿಯನ್ನೆಲ್ಲ ತಿರುಗಿಸುವ ನನಗೆ ನಮ್ಮ ಅತ್ತೆಯ ಮಂಡಿಯನ್ನು ಮಾತ್ರ ಸರಿಮಾಡಲಾಗಲಿಲ್ಲ. ಈಗ ಅವರು ಗೋಡೆ ಹಿಡಿದು ಗಲ್ಲಿಯ ತಿರುವಿನವರೆಗೆ ಹೋದರೆ ಹೆಚ್ಚು. ಹೋಗಬಹುದಾಗಿದ್ದ ಕಾಲದಲ್ಲಿ ಹೋಗಲಿಲ್ಲ. ಅಷ್ಟೇ.

ಮೊನ್ನೆ ಮೊನ್ನೆ ಆಸ್ಪತ್ರೆಯವರು ನನಗೆ ಮತ್ತೆ ಒಂದು ವಾರದ ಕೆಲಸ ಹಚ್ಚಿದರು. ಎಲ್ಲಿಗೆ? ವಿಯೆನ್ನಾಕ್ಕೇ! ಅತ್ತೆಯ ಸಂಭ್ರಮ ಹೇಳತೀರದು. ಮಂಡಿ ನೋವನ್ನು ಮರೆತು ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಚಕ್ಕುಲಿ ಒತ್ತಿದರು. ಪಕ್ಕದ ಮನೆಯ ಟೈಲರ್ ಸಾಹೇಬರ ಹೆಂಡತಿ ಬಂದು ಕರಿದುಕೊಟ್ಟರು. ನಾನು, ಮೊದಲೇ ತಿಳಿಸಿರೋಣ, ಈ ಸಲವೂ ಆಕೆ ಹೊರಗೆ ಹೋಗಿಬಿಟ್ಟರೆ ಕಷ್ಟ ಎಂದು, ಹೋದ ಸಲ ನಮಗೆ ಮನೆ ಬಾಡಿಗೆಗೆ ಕೊಟ್ಟವರಿಗೆ ಒಂದು ಮೆಸೇಜು ಹಾಕಿದೆ.

ಉತ್ತರ ಬಂತು. ಕೆಳಗಿನ ಮನೆಯಾಕೆ ಈ ವರ್ಷದ ಚಳಿಗಾಲದಲ್ಲಿ ತೀರಿಕೊಂಡರಂತೆ. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಬರೆದಿದ್ದರು. ‘ನಿಮ್ಮನ್ನು ತುಂಬ ನೆನೆಯುತ್ತಿದ್ದರು. ನೀವು ಹೊರಟ ದಿನ ಅವರು ಮನೆಯೊಳಗೇ ಇದ್ದರು. ಬೇಕೆಂದೇ ಬಾಗಿಲು ತೆಗೆಯಲಿಲ್ಲವಂತೆ. ಡಬ್ಬಿ ಅವರ ಹತ್ತಿರವೇ ಇರಲಿ, ಕೊಡುವುದಕ್ಕೆ ಬಂದೇ ಬರುತ್ತಾರೆ, ಅವರಲ್ಲಿ ಅದು ಪದ್ಧತಿ ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದರು.’

ಇದನ್ನು ಅತ್ತೆಗೆ ಹೇಗೆ ಹೇಳುವುದು? ಎರಡು ದಿನ ಬಾಯಿ ಬಿಡದೆ ಇದ್ದೆ. ನಿನ್ನೆ ಬೆಳಿಗ್ಗೆ ಹಲಸೂರಿಗೆ ಹೋದೆ. ಡಬ್ಬಿ ಭರ್ತಿಯಾಗಿ, ಮೇಲೊಂದು ಬ್ಲೌಸ್ ಪೀಸು ಮಡಿಸಿಟ್ಟುಕೊಂಡು, ಮೇಜಿನ ಮೇಲೆ ಸಿದ್ಧವಾಗಿತ್ತು. ಅತ್ತೆಯ ಪಕ್ಕ ಕೂತು ಮೊದಲ ಸಾಲು ಹೇಳಿದೆ. ಅವರು ಬ್ಲೌಸ್ ಪೀಸಿನ ಮಡಿಕೆಯನ್ನು ಸರಿಮಾಡಿದರು. ಆಮೇಲೆ ಉಳಿದ ಸಾಲುಗಳನ್ನೂ ಓದಿ ಹೇಳಿದೆ. ಬಾಗಿಲು ತೆಗೆಯದ ವಿಷಯ ಕೇಳಿದರೆ ಅವರಿಗೆ ಇನ್ನಷ್ಟು ನೋವಾಗುತ್ತದೆಯೇನೋ ಎಂದು ನನಗೆ ಭಯ.

“ನಂಗೊತ್ತಿತ್ತು ಕಣೇ” ಎಂದರು ಅತ್ತೆ.

“ಏನು ಗೊತ್ತಿತ್ತು?”

“ಒಳಗಿದಾಳೆ ಅಂತ. ಬಾಗಿಲ ಕೆಳಗೆ ಬೆಳಕು ಬರ್ತಿತ್ತಲ್ಲ, ಅದ್ರಲ್ಲಿ ಅವಳ ಕಾಲಿನ ನೆರಳು ಕಾಣ್ತಿತ್ತು. ಬಾಗಿಲಿಗೆ ಆನ್ಕೊಂಡೇ ನಿಂತಿದ್ಲು, ಅಷ್ಟು ಹೊತ್ತೂ. ಅವಳು ಆ ಕಡೆ, ನಾನು ಈ ಕಡೆ.”

“ಮತ್ತೆ ಕರೀಬಾರ್ದಿತ್ತಾ ಅತ್ತೆ? ಅಲ್ಲೇ ಇಟ್ಟಾದ್ರೂ ಬರ್ಬೋದಿತ್ತಲ್ಲ!”

“ಇಟ್ಬಿಟ್ಟಿದ್ರೆ ಮುಗ್ದೋಗ್ತಿತ್ತಲ್ಲೇ” ಎಂದರು. “ಅವಳಿಗೂ ಮುಗಿಯೋದು ಬೇಡ ಅಂತಿತ್ತು, ನಂಗೂ ಬೇಡ ಅಂತಿತ್ತು. ಮತ್ತೆ ಹೋಗೋದು ಅಷ್ಟೇನು ಕಷ್ಟ ಅನ್ಕೊಂಡಿದ್ದೆ. ಹೋಗ್ಬೇಕಿತ್ತು ಕಣೇ ನಾನು. ಕಾಲು ಗಟ್ಟಿ ಇದ್ದಾಗಲೇ ಹೋಗ್ಬೇಕಿತ್ತು” ಎಂದು ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡರು. ನಮ್ಮ ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎದ್ದು ಕಾಫಿ ಮಾಡಿದೆ. ನನ್ನ ಕಾಫಿಯನ್ನು ಬಯ್ಯದೆ ಕುಡಿದರು. ಆಮೇಲೆ ಡಬ್ಬಿಯನ್ನು ಎತ್ತಿ ನನ್ನ ಮಡಿಲಿಗೆ ಇಟ್ಟರು.

“ತಗೊಂಡ್ಹೋಗು.”

“ಯಾರಿಗೆ ಅತ್ತೆ?”

“ಆ ಮನೇಲಿ ಈಗ ಯಾರಿದಾರೋ ಅವ್ರಿಗೆ ಚಕ್ಲಿ ಕೊಡು. ಅವಳ ಬಾಗಿಲು ಅದು. ಡಬ್ಬಿ ಮಾತ್ರ ಬಿಟ್ಬರ್ಬೇಡ, ನಂಗೆ ವಾಪಸ್ ತಂದ್ಕೊಡು.” ಮುಚ್ಚಳದ ಮೇಲಿನ ಹಂಸಗಳನ್ನು ಬೆರಳಿನಿಂದ ಒಮ್ಮೆ ಸವರಿದರು. “ಖಾಲಿ ಆದ್ರೂ ಪರವಾಗಿಲ್ಲ.”

ಖಾಲಿಯಾದರೂ ಪರವಾಗಿಲ್ಲ! ನಮ್ಮ ಅತ್ತೆಯ ಬಾಯಲ್ಲಿ ಈ ಮಾತು! ಹಲಸೂರಿನಲ್ಲಿ ಹೇಳಿದರೆ ಒಬ್ಬರೂ ನಂಬುವುದಿಲ್ಲ.